ಮೊದಲ ಚೊಂಬು ಕಾಲಿಗೆ

“ತಲೆಗೆ ಆಮ್ಯಾಕೆ ಕಣ್ಲಾ ಮಗ, ಮೊದ್ಲು ಕಾಲ್ಗೆ ಉಯ್ಕೊ!”

ಬಚ್ಚಲುಮನೆ ಬಾಗಿಲ ಆಚೆ ನಿಂತು ಅತ್ತೆ ಕೂಗಿದಾಗ ಬೆಳಗಿನ ಜಾವ ಐದೂವರೆ. ಸಂಕ್ರಾಂತಿಗೆ ಇನ್ನು ನಾಲ್ಕೇ ದಿನ. ಪಾಂಡವಪುರದ ಕಡೆಯ ನಮ್ಮೂರಲ್ಲಿ ಆ ಹೊತ್ತಿಗೆ ಆಲೆಮನೆ ಹೊಗೆ ಮಂಜಿನ ಜೊತೆ ಬೆರೆತು ಕಬ್ಬಿನ ಗದ್ದೆಗಳ ಮೇಲೆ ಹಾಸಿಕೊಂಡಿರುತ್ತದೆ. ಹೆಂಚಿನ ಸಂದಿಯಿಂದ ಆ ಸಿಹಿ ವಾಸನೆ ಬಚ್ಚಲಿಗೂ ಇಳಿದಿತ್ತು. ತೊಟ್ಟಿ ತುಂಬ ರಾತ್ರಿಯೆಲ್ಲ ನಿಂತು ತಣ್ಣಗೆ ಕೊರೆಯುವ ನೀರು. ನಾನು ಚೊಂಬನ್ನು ತುಂಬಿ ತಲೆಯ ಮಟ್ಟಕ್ಕೆ ಎತ್ತಿದ್ದೆ. ಅತ್ತೆಗೆ ಅದು ಕಾಣುವಂತಿರಲಿಲ್ಲ. ಆದರೆ ಚೊಂಬು ಮುಳುಗಿದ ಸದ್ದಾಗಿಯೂ ನೀರು ನೆಲಕ್ಕೆ ಬಿದ್ದ ಸದ್ದಾಗದಿದ್ದರೆ ಚೊಂಬು ಎಲ್ಲಿಗೆ ಹೋಗಿದೆ ಎಂದು ಅರವತ್ತು ವರ್ಷ ತಣ್ಣೀರು ಹುಯ್ದುಕೊಂಡವಳಿಗೆ ಗೊತ್ತಾಗದೇ ಇರುತ್ತದೆಯೇ?

ಕೈ ಇಳಿಸಿದೆ. ಚಳಿಗಿಂತ ಹೆಚ್ಚಾಗಿ ಭಯಕ್ಕೇ ಕೈ ನಡುಗುತ್ತಿತ್ತು.

ಆ ಭಯಕ್ಕೆ ಕಾರಣವಿದೆ. ಅದಕ್ಕೂ ಒಂದು ವರ್ಷ ಹಿಂದೆ, ಮೈಸೂರಿನ ಮನೆಯಲ್ಲಿ, ಮೊಬೈಲಿನಲ್ಲಿ ಯಾರೋ ಮಾಡಿದ್ದನ್ನು ನೋಡಿ ಫ್ರಿಜ್ಜಿನ ಐಸನ್ನೆಲ್ಲ ಬಕೆಟ್ಟಿಗೆ ಸುರಿದು ಒಂದೇ ಸಲಕ್ಕೆ ತಲೆಯ ಮೇಲೆ ಬೋರಲು ಹಾಕಿಕೊಂಡಿದ್ದೆ. ಒಳಗೆಳೆದ ಉಸಿರು ಹೊರಗೆ ಬರಲಿಲ್ಲ. ಎದೆ ತಮಟೆಯ ಹಾಗೆ ಬಡಿದುಕೊಳ್ಳತೊಡಗಿತು. ಗೋಡೆಗೆ ಕೈ ಊರಿ ಹಾಗೇ ಕುಸಿದು ಕೂತೆ. ಹೆಂಡತಿ ಬಾಗಿಲು ಬಡಿಯುತ್ತಿದ್ದದ್ದು ಕೇಳಿಸುತ್ತಿತ್ತು, ಉತ್ತರ ಕೊಡಲು ಆಗುತ್ತಿರಲಿಲ್ಲ. ಆಸ್ಪತ್ರೆಗೆ ಹೋದಾಗ ಇಸಿಜಿ ಸರಿಯಿತ್ತು, ಬಿಪಿ ಮಾತ್ರ 170/100. ನನಗೆ ಬಿಪಿ ಇದೆ ಎಂದು ಗೊತ್ತಾದದ್ದೇ ಅವತ್ತು.

ಅಲ್ಲಿದ್ದ ಡಾಕ್ಟರು ಬಯ್ಯಲಿಲ್ಲ, ಕೂರಿಸಿಕೊಂಡು ವಿವರಿಸಿದರು. ಚರ್ಮಕ್ಕೆ ದಿಢೀರನೆ ತಣ್ಣೀರು ತಗುಲಿದರೆ ನಮ್ಮ ಅಪ್ಪಣೆಗೆ ಕಾಯದೆ ದೇಹ ಏದುಸಿರು ಎಳೆದುಕೊಳ್ಳುತ್ತದೆ, ಚರ್ಮದ ರಕ್ತನಾಳಗಳು ಬಿಗಿಯುತ್ತವೆ, ಎದೆಬಡಿತವೂ ರಕ್ತದೊತ್ತಡವೂ ಮೇಲೇರುತ್ತವೆ. ಇದರ ಜೋರು ಮೊದಲ ಅರ್ಧ ನಿಮಿಷದಲ್ಲಿ, ಎರಡು ಮೂರು ನಿಮಿಷದೊಳಗೆ ಇಳಿಯುತ್ತದೆ. ಹೃದಯದ ತೊಂದರೆ ಇರುವವರಿಗೆ, ಬಿಪಿ ಹತೋಟಿಯಲ್ಲಿಲ್ಲದವರಿಗೆ ಆ ಅರ್ಧ ನಿಮಿಷವೇ ಅಪಾಯ. “ಮಾತ್ರೆ ತಗೊಳ್ಳಿ, ಬಿಪಿ ಹತೋಟಿಗೆ ಬರಲಿ. ಆಮೇಲೆ ಬೇಕಿದ್ದರೆ ಸ್ವಲ್ಪ ಸ್ವಲ್ಪವಾಗಿ ಅಭ್ಯಾಸ ಮಾಡಿಕೊಳ್ಳಿ. ಐದಾರು ಸಲ ಆದ ಮೇಲೆ ದೇಹ ಇಷ್ಟು ಬೆಚ್ಚುವುದಿಲ್ಲ” ಎಂದರು. ಬಿಪಿ ಹತೋಟಿಗೆ ಬಂತು. ಧೈರ್ಯ ಮಾತ್ರ ಬರಲಿಲ್ಲ. ಹಿಂದಿನ ರಾತ್ರಿ ಇದನ್ನೆಲ್ಲ ಅತ್ತೆಗೆ ಹೇಳಿಕೊಂಡೆ. ಅವಳು ಸುಮ್ಮನೆ ಕೇಳಿ, “ಬೆಳಗ್ಗೆ ನಾನ್ ಹೇಳ್ದಂಗೆ ಮಾಡು” ಅಂದಳು.

ನಮ್ಮ ಸೋದರತ್ತೆಗೆ ಈಗ ಎಪ್ಪತ್ತನಾಲ್ಕು. ಮನೆಯಲ್ಲಿ ತಾಮ್ರದ ಹಂಡೆ ಇಲ್ಲದೆ ಇಲ್ಲ. ತೆಂಗಿನ ಮಟ್ಟೆ, ಗರಿ, ಚಿಪ್ಪು ಕೊಟ್ಟಿಗೆಯ ಮೂಲೆಯಲ್ಲಿ ಅಟ್ಟದೆತ್ತರಕ್ಕೆ ಬಿದ್ದಿರುತ್ತದೆ. ತಣ್ಣೀರಿನ ಸ್ನಾನ ಬಡತನಕ್ಕೆ ಹಿಡಿದ ಅಭ್ಯಾಸ ಅಂದುಕೊಳ್ಳಬೇಡಿ. ಅವಳದ್ದೇ ಒಂದು ಲೆಕ್ಕವಿದೆ: “ಬಾಣಂತಿಗೆ, ಕೂಸಿಗೆ, ಜರ ಬಂದೋರ್ಗೆ ಬಿಸ್ನೀರು. ಗಟ್ಟಿಮುಟ್ಟಾಗಿರೋರ್ಗೆ ಯಾಕ್ಲಾ ಸೌದೆ ಉರುಸ್ಬೇಕು?” ಮೈಗೆ ಬಿಸಿನೀರು ಹುಯ್ದುಕೊಂಡ ದಿನವೂ ತಲೆಗೆ ಮಾತ್ರ ಬಿಸಿನೀರು ಸೋಕಿಸುವವಳಲ್ಲ, ಕಣ್ಣಿಗೆ ಆಗುವುದಿಲ್ಲ ಅನ್ನುತ್ತಾಳೆ. ಬಿಸಿನೀರು ಮೈಗೆ ಬಲ, ತಲೆಗೆ ಹುಯ್ದರೆ ಕೂದಲಿಗೂ ಕಣ್ಣಿಗೂ ಕೇಡು ಎಂದು ಆಯುರ್ವೇದದ ವಾಗ್ಭಟನೂ ಹೇಳಿದ್ದಾನೆ. ಓದುಬರಹ ಬಾರದ ಅತ್ತೆಗೆ ಆ ಮಾತು ಅವಳ ಅವ್ವನಿಂದ ಬಂದದ್ದು.

ಮೊದಲ ಚೊಂಬು ಪಾದಕ್ಕೆ ಹುಯ್ದೆ. ಎರಡನೆಯದೂ ಪಾದಕ್ಕೇ. ಮೂರನೆಯದು ಮೊಣಕಾಲಿಗೆ. “ಹುಯ್ಕೊಳ್ವಾಗ ಬಾಯ್ಬುಟ್ಟು ‘ಅವ್ವ ಕಾವೇರಿ’ ಅನ್ಲಾ. ಸುಮ್ಕೆ ಇರ್ಬ್ಯಾಡ” ಅಂತ ಹೊರಗಿಂದ ಮತ್ತೊಂದು ಅಪ್ಪಣೆ. ಅಂದೆ. ತೊಡೆಗೆ, ಆಮೇಲೆ ಭುಜದಿಂದ ಕೈಗಳ ಮೇಲೆ. ನೀರು ಮೊಣಕೈ ದಾಟಿ ಬೆರಳ ತುದಿಗೆ ಬರುವಷ್ಟರಲ್ಲಿ ಮೈಯೆಲ್ಲ ನವಿರೆದ್ದಿತ್ತು. ಬೊಗಸೆಯಲ್ಲಿ ಮುಖಕ್ಕೆ, ಅಂಗೈಯಲ್ಲಿ ಹಿಂಗತ್ತಿಗೆ. ಎದೆಗೆ ಹುಯ್ದುಕೊಳ್ಳುವಾಗ ಹಳೆಯ ಏದುಸಿರು ಬರುತ್ತದೆ ಎಂದು ಕಾದೆ. ಬಂತು, ಆದರೆ ‘ಅವ್ವ ಕಾವೇರಿ’ ಎನ್ನುವಷ್ಟರಲ್ಲಿ ಅದೇ ಉಸಿರು ಹೊರಗೆ ಹೋಗಿತ್ತು.

ಆಗ ಹೊಳೆಯಿತು. ಮಾತಾಡಬೇಕಾದರೆ ಉಸಿರು ಬಿಡಲೇಬೇಕು. ನಮ್ಮ ಹಿರಿಯರು ಒಬ್ಬೊಬ್ಬರು ಒಂದೊಂದು ಹೆಸರು ಹೇಳುತ್ತಲೇ ತಣ್ಣೀರು ಹುಯ್ದುಕೊಳ್ಳುತ್ತಿದ್ದರು. ಪಕ್ಕದ ಬೀದಿಯ ಐನೋರು ‘ಗಂಗೇ ಚ ಯಮುನೇ ಚೈವ’ ಅಂತ ಶುರು ಮಾಡಿ ‘ನರ್ಮದೇ ಸಿಂಧು ಕಾವೇರಿ’ಗೆ ಬರುವ ಹೊತ್ತಿಗೆ ಮೂರು ಚೊಂಬು ಆಗಿರುತ್ತಿತ್ತು. ಅದು ಭಕ್ತಿಯೇ, ನಾನು ಅಲ್ಲಗಳೆಯುವುದಿಲ್ಲ. ಆದರೆ ಆ ಮೊದಲ ಅರ್ಧ ನಿಮಿಷವನ್ನು ದಾಟಿಸುವ ಉಪಾಯವೂ ಅದರೊಳಗೇ ಕೂತಿದೆ ಎಂದು ನನ್ನ ಎದೆಗೇ ಗೊತ್ತಾಯಿತು.

ಕೊನೆಯ ಎರಡು ಚೊಂಬು ತಲೆಗೆ. ಅಷ್ಟು ಹೊತ್ತಿಗೆ ನೀರು ಮೊದಲಿನಷ್ಟು ತಣ್ಣಗಿಲ್ಲವೆನ್ನಿಸಿತು. ತೊಟ್ಟಿಯ ನೀರು ಅದೇ, ಮೈ ಒಗ್ಗಿಕೊಂಡಿತ್ತು. ಎಲ್ಲ ಸೇರಿ ಎರಡು ನಿಮಿಷವೂ ಆಗಿರಲಿಲ್ಲ. ಮೈ ಒರೆಸಿಕೊಂಡು ಹಿತ್ತಿಲಿಗೆ ಬಂದರೆ ಒಳಗಿನಿಂದ ಬಿಸಿ ಏರುತ್ತಿದ್ದ ಹಾಗೆ, ಕಣ್ಣು ತೊಳೆದಿಟ್ಟ ಹಾಗೆ. ಎಷ್ಟೋ ತಿಂಗಳ ಮೇಲೆ ಅಂಥದೊಂದು ಎಚ್ಚರ ಮೈತುಂಬ ಇತ್ತು. ತಣ್ಣೀರಿನಲ್ಲಿ ನಾರ್‌ಅಡ್ರಿನಲಿನ್ ಎಂಬ ರಾಸಾಯನಿಕ ರಕ್ತದಲ್ಲಿ ಹೆಚ್ಚುತ್ತದೆ. ಚುರುಕು, ಗಮನ ಅದರಿಂದ ಬರುವಂಥವು. 14 ಡಿಗ್ರಿ ನೀರಿನಲ್ಲಿ ಒಂದು ಗಂಟೆ ಕುತ್ತಿಗೆಮಟ್ಟ ಕೂರಿಸಿದವರಲ್ಲಿ ಅದು ಐದು ಪಟ್ಟಿಗೂ ಮೀರಿ ಏರಿದ್ದನ್ನು 2000ದಲ್ಲಿ ಪ್ರಕಟವಾದ ಒಂದು ಅಧ್ಯಯನ ದಾಖಲಿಸಿದೆ. ಎರಡು ನಿಮಿಷದ ಚೊಂಬಿನ ಸ್ನಾನಕ್ಕೆ ಆ ಲೆಕ್ಕ ಹಚ್ಚುವುದು ತಪ್ಪು.

ನನಗೆ ಹೆಚ್ಚು ನಂಬಿಕೆ ಬಂದದ್ದು ನೆದರ್‌ಲೆಂಡ್ಸ್‌ನಲ್ಲಿ ನಡೆದು 2016ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ. 3,018 ಜನರನ್ನು ಗುಂಪು ಮಾಡಿ, ಕೆಲವರಿಗೆ ದಿನದ ಬಿಸಿನೀರ ಸ್ನಾನದ ಕೊನೆಯಲ್ಲಿ 30, 60 ಅಥವಾ 90 ಸೆಕೆಂಡು ತಣ್ಣೀರು ಬಿಟ್ಟುಕೊಳ್ಳಲು ಹೇಳಿದರು. ಹಾಗೆ ಮಾಡಿದವರು ಕಾಯಿಲೆಗೆಂದು ಕೆಲಸಕ್ಕೆ ರಜೆ ಹಾಕುವುದು ಶೇ. 29ರಷ್ಟು ಕಡಿಮೆಯಾಯಿತು. ಕಾಯಿಲೆ ಬಿದ್ದ ದಿನಗಳ ಸಂಖ್ಯೆ ಮಾತ್ರ ಕಡಿಮೆಯಾಗಲಿಲ್ಲ. ಅಂದರೆ ನೆಗಡಿ ಬರುವುದು ಬಂದೇ ಬಂತು, ಅದನ್ನು ತಡೆದುಕೊಂಡು ಎದ್ದು ಹೋಗುವ ಕಸುವು ಹೆಚ್ಚಿತು ಅಂತ ನಾನು ಅರ್ಥ ಮಾಡಿಕೊಂಡಿದ್ದೇನೆ. 30 ಸೆಕೆಂಡಿನವರಿಗೂ 90 ಸೆಕೆಂಡಿನವರಿಗೂ ವ್ಯತ್ಯಾಸ ಕಾಣಲಿಲ್ಲ ಎನ್ನುವುದು ನನಗೆ ಬಹಳ ಮುಖ್ಯ. ನಾನು ಐಸು ಸುರಿದುಕೊಂಡು ಸಾಯಬೇಕಾಗಿರಲಿಲ್ಲ.

ಒಳಗೆ ಬಂದರೆ ಅಡುಗೆಮನೆ ಮೂಲೆಯಲ್ಲಿ, ಒದ್ದೆ ಮರಳಿನ ಮೇಲೆ ಮಡಕೆ. ಅತ್ತೆ ಒಂದು ಲೋಟ ಬಗ್ಗಿಸಿ ಕೊಟ್ಟಳು. ಮಗ ತಂದುಕೊಟ್ಟ ಫ್ರಿಜ್ಜು ನಡುಮನೆಯಲ್ಲಿದೆ, ಅದರಲ್ಲಿ ಹಾಲು, ಸೊಪ್ಪು. ಕುಡಿಯುವ ನೀರಿಗೆ ಮಡಕೆಯೇ. ಮಡಕೆಯ ಮೈಯಿಂದ ಸಣ್ಣಗೆ ಜಿನುಗಿದ ನೀರು ಆವಿಯಾಗುವಾಗ ಒಳಗಿನ ನೀರಿನ ಶಾಖವನ್ನು ಎಳೆದುಕೊಂಡು ಹೋಗುತ್ತದೆ. ಗಾಳಿ ಒಣಗಿದಷ್ಟೂ ನೀರು ತಣ್ಣಗೆ. ಮಳೆಗಾಲದಲ್ಲಿ ಅದೇ ಮಡಕೆ ಸಪ್ಪೆ. ಹಲ್ಲು ಜುಮ್ಮೆನ್ನಿಸುವಷ್ಟು ಕೊರೆಯುವುದಿಲ್ಲ, ಅದಕ್ಕೇ ಒಂದು ಲೋಟ ಕುಡಿಯುವವರು ಎರಡು ಕುಡಿಯುತ್ತಾರೆ.

ತಣ್ಣೀರು ಕುಡಿದರೆ ತೂಕ ಇಳಿಯುತ್ತದೆ ಎಂದು ನಂಬಿದವರು ನಮ್ಮ ಆಫೀಸಿನಲ್ಲೇ ಇದ್ದಾರೆ. ಫ್ರಿಜ್ಜಿನ ಒಂದು ಲೀಟರ್ ನೀರನ್ನು 5 ಡಿಗ್ರಿಯಿಂದ 37 ಡಿಗ್ರಿಗೆ ಕಾಯಿಸಲು ದೇಹ ಖರ್ಚು ಮಾಡುವುದು 32 ಕ್ಯಾಲೊರಿ. ಒಂದು ಇಡ್ಲಿಗೂ ಸಾಲದು. ಹೊಟ್ಟೆಯ ಕೊಬ್ಬು ತಣ್ಣೀರಿಗೆ ಹೆಪ್ಪುಗಟ್ಟುತ್ತದೆ ಎಂಬುದೂ ಅಷ್ಟೇ ಸುಳ್ಳು, ಒಳಗೆ ಹೋದ ನೀರು ಬೇಗನೆ ಮೈಯ ಬಿಸಿಗೆ ಬಂದುಬಿಡುತ್ತದೆ.

ತಂಪು ನೀರಿನ ನಿಜವಾದ ಉಪಕಾರ ಅದೇ ದಿನ ಮಧ್ಯಾಹ್ನ ಗದ್ದೆಯಲ್ಲಿ ಕಂಡೆ. ಕಬ್ಬು ಕಡಿಯುತ್ತಿದ್ದರು. ಕೂಲಿಯವರ ಪ್ಲಾಸ್ಟಿಕ್ ಕ್ಯಾನು ಬಿಸಿಲಿನಲ್ಲಿ ಬಿದ್ದು ನೀರು ಬಿಸಿಯಾಗಿತ್ತು. ಬಾಯಿಗೆ ಹುಯ್ದುಕೊಂಡ ಹುಡುಗ ಅರ್ಧ ಉಗಿದು ಮತ್ತೆ ಕತ್ತಿ ಹಿಡಿದ. ಅತ್ತೆ ಸೊಸೆಯ ಕೈಲಿ ಮಡಕೆ ನೀರು ಕಳಿಸಿದಳು. ಅದೇ ಹುಡುಗ ಹೊಂಗೆ ಮರದ ಕೆಳಗೆ ಕೂತು ಮೂರು ಲೋಟ ಕುಡಿದ. ಮಧ್ಯ ಅಮೆರಿಕದ ಕಬ್ಬಿನ ಗದ್ದೆಗಳಲ್ಲಿ ಸಕ್ಕರೆ ಕಾಯಿಲೆಯೂ ಬಿಪಿಯೂ ಇಲ್ಲದ ಪ್ರಾಯದ ಕೂಲಿಗಳ ಮೂತ್ರಪಿಂಡ ಹಾಳಾಗುತ್ತಿರುವುದಕ್ಕೆ ಬಿಸಿಲ ದುಡಿಮೆ, ಮೈಯ ನೀರು ಆರುವುದು ದೊಡ್ಡ ಕಾರಣವಿರಬೇಕೆಂದು ವೈದ್ಯರು ಶಂಕಿಸುತ್ತಾರೆ. ಮಂಡ್ಯ ಜಿಲ್ಲೆಯ ಪ್ರತಿಯೊಂದು ಗದ್ದೆಯ ಬದುವಿನ ಮೇಲೂ ನೆರಳಿನಲ್ಲೊಂದು ಮಡಕೆ ಇರಬೇಕೆಂದು ನನಗೆ ಅವತ್ತು ಬಹಳವಾಗಿ ಅನ್ನಿಸಿತು. ಈಗಲೂ ಅನ್ನಿಸುತ್ತದೆ.

ಸಂಜೆ ಮೈಸೂರಿನ ಬಸ್ಸಿಗೆ ಇನ್ನೂ ಹೊತ್ತಿತ್ತು. ಗದ್ದೆಗೆ ಕಳಿಸಿ ಕಳಿಸಿ ಮಡಕೆ ಬರಿದಾಗಿತ್ತು. ತೆಂಗಿನ ನಾರಿನಲ್ಲಿ ಒಳಗನ್ನೆಲ್ಲ ಉಜ್ಜಿ ತೊಳೆದು, ನಲ್ಲಿ ನೀರು ಶೋಧಿಸಿ ತುಂಬಿಟ್ಟೆ. ಅತ್ತೆ ಒಂದು ಅಚ್ಚು ಬೆಲ್ಲ ಪೇಪರಿನಲ್ಲಿ ಸುತ್ತಿ ಬ್ಯಾಗಿಗೆ ಹಾಕಿ, “ನಾಳೀಕೂ ಕಾಲ್ಗೇ ಮೊದ್ಲು” ಅಂದಳು. ಚಪ್ಪಲಿ ಮೆಟ್ಟುವ ಮುಂಚೆ ಮತ್ತೊಮ್ಮೆ ಒಳಗೆ ಹೋಗಿ ಮಡಕೆಯ ಮೇಲೆ ಅಂಗೈ ಇಟ್ಟು ನೋಡಿದೆ. ಆಗಲೇ ಜಿನುಗತೊಡಗಿತ್ತು.