ಚುಕ್ಕಿಗೆ ಏಳು ಮೀಸೆ

ಅಣ್ಣನ ಮಗಳಿಗೆ ಆರು ವರ್ಷ. ಬೆಕ್ಕಿನ ಚಿತ್ರ ಬಿಡಿಸಿ ತಂದು ನನ್ನ ಕೈಗಿಟ್ಟು, "ಅತ್ತೆ, ಇದನ್ನ ನಿನ್ನ ಮಷಿನ್ನಲ್ಲಿ ನನ್ನ ಟೀ ಶರ್ಟ್ ಮೇಲೆ ಹೊಲಿದುಕೊಡು" ಅಂದಳು. ಕಿತ್ತಳೆ ಮೈ, ಕಪ್ಪು ಗೆರೆ, ಹಸಿರು ಕಣ್ಣು, ಗುಲಾಬಿ ಮೂಗು. ಕೆಳಗೆ ವಾಲಿಕೊಂಡ ಅಕ್ಷರದಲ್ಲಿ ಹೆಸರು: ಚುಕ್ಕಿ. ನಾನು ಎಂಬ್ರಾಯ್ಡರಿ ಮಷಿನ್ ತಗೊಂಡು ಆಗ ಮೂರು ವಾರ. ಅದರೊಳಗೇ ಇದ್ದ ಹೂವು ಬಳ್ಳಿಗಳನ್ನೆಲ್ಲ ಹೊಲಿದು ಮುಗಿಸಿ, ಇನ್ನೇನಿದೆ ಕಲಿಯೋಕೆ ಅಂದುಕೊಂಡಿದ್ದ ಕಾಲ. "ನಾಳೆ ಹಾಕ್ಕೊಂಡು ಹೋಗುವಂತೆ" ಅಂದುಬಿಟ್ಟೆ.

ಆ ನಾಳೆ ಬರೋಕೆ ಹನ್ನೊಂದು ದಿನ ಹಿಡಿಯಿತು.

ಮೊದಲ ದಿನ, ಫೋನಲ್ಲಿ ಚಿತ್ರದ ಫೋಟೋ ತೆಗೆದು ಸಾಫ್ಟ್‌ವೇರಿಗೆ ಹಾಕಿ, "ಆಟೋ" ಅಂತಿದ್ದ ಬಟನ್ ಒತ್ತಿದೆ. ನಿಮಿಷದೊಳಗೆ ಫೈಲ್ ತಯಾರು. 14 ಬಣ್ಣ, 21 ಸಾವಿರ ಹೊಲಿಗೆ. ಹುಡುಗಿ ಬಳಸಿದ್ದು ನಾಲ್ಕೇ ಬಣ್ಣ, ಹದಿನಾಲ್ಕು ಎಲ್ಲಿಂದ ಬಂತು? ಕಾಗದದ ಮೇಲೆ ಕಿತ್ತಳೆ ಒಂದೇ ಇರಬಹುದು, ಫೋಟೋದಲ್ಲಿ ಅದು ಬೆಳಕು ಬಿದ್ದ ಕಡೆ ಒಂದು ಥರ, ನೆರಳಲ್ಲಿ ಇನ್ನೊಂದು ಥರ. ಕಪ್ಪು ಗೆರೆಯೂ ಕಿತ್ತಳೆಯೂ ಸೇರುವ ಅಂಚಿನಲ್ಲಿ ಕಂದು ಬಣ್ಣದ ಕೂದಲೆಳೆಯಂಥ ಪಟ್ಟಿ ಬೇರೆ. ನಮ್ಮ ಕಣ್ಣು ಅದನ್ನೆಲ್ಲ ಲೆಕ್ಕಕ್ಕೇ ತಗೊಳ್ಳೋದಿಲ್ಲ. ಸಾಫ್ಟ್‌ವೇರ್ ಮಾತ್ರ ಪ್ರತಿಯೊಂದಕ್ಕೂ ಒಂದೊಂದು ದಾರ ಹೇಳಿತ್ತು. ನನ್ನದು ಒಂದೇ ಸೂಜಿಯ ಮಷಿನ್, ಬಣ್ಣ ಬದಲಾದಾಗಲೆಲ್ಲ ನಿಂತು ಕೂಗುತ್ತದೆ. ನಾನು ಓಡಿಹೋಗಿ ದಾರ ಪೋಣಿಸಬೇಕು.

ಒಂದೂವರೆ ಗಂಟೆ ಆದಮೇಲೆ ಬಟ್ಟೆಯನ್ನು ಬಿಗಿಯಾಗಿ ಹಿಡಿಯುವ ಚೌಕಟ್ಟು, ಅಂದರೆ ಹೂಪ್ ಬಿಚ್ಚಿದರೆ ಬೆಕ್ಕಿನ ಹೊಟ್ಟೆ ರಟ್ಟಿನ ಹಾಗೆ ಸೆಟೆದುಕೊಂಡಿತ್ತು, ಸುತ್ತಲ ಬಟ್ಟೆ ಸುಕ್ಕುಸುಕ್ಕು. ಒಂದರ ಮೇಲೊಂದು ಬಣ್ಣ ಬಿದ್ದ ಕಡೆ ಬೆರಳಲ್ಲಿ ಮಡಿಸೋಕೂ ಆಗುತ್ತಿರಲಿಲ್ಲ. ಅಮ್ಮ ಕೈಯಲ್ಲಿ ಹಿಡಿದು ನೋಡಿ, "ಇದು ಬೆಕ್ಕಲ್ಲ ಕಣೇ, ಕಾಲೊರಸು" ಅಂದಳು.

ಅಮ್ಮ ಐವತ್ತು ವರ್ಷದಿಂದ ಕೈಯಲ್ಲೇ ಕಸೂತಿ ಹಾಕುವವಳು. ಯಾರು ಏನೇ ತೋರಿಸಿದರೂ ಮೊದಲು ಬಟ್ಟೆ ಮಗುಚಿ ಹಿಂಬದಿ ನೋಡುತ್ತಾಳೆ. ಹಿಂದೆ ದಾರ ಅಡ್ಡಾದಿಡ್ಡಿ ಓಡಿದ್ದನ್ನು ಬೆರಳಲ್ಲಿ ಹಿಂಬಾಲಿಸುತ್ತಾ ಕೇಳಿದಳು: "ಇದು ಎಲ್ಲಿಂದ ಶುರು ಮಾಡಿ ಎಲ್ಲಿಗೆ ಹೋಯಿತು?"

ನನ್ನ ಹತ್ತಿರ ಉತ್ತರ ಇರಲಿಲ್ಲ. ನಾನು ಕೊಟ್ಟಿದ್ದು ಚಿತ್ರ, ಮಷಿನ್‌ಗೆ ಬೇಕಿದ್ದದ್ದು ದಾರಿ. ಹೊಲಿಗೆ ಫೈಲ್‌ನೊಳಗೆ ಬೆಕ್ಕೂ ಇಲ್ಲ, ಬಣ್ಣ ತುಂಬಿದ ಜಾಗವೂ ಇಲ್ಲ. ಇಷ್ಟು ಬಲಕ್ಕೆ, ಇಷ್ಟು ಮೇಲಕ್ಕೆ, ಚುಚ್ಚು. ಇಷ್ಟು ಎಡಕ್ಕೆ, ಚುಚ್ಚು. ಸಾವಿರಾರು ಸಲ ಇದೇ. ಕಾರ್ಖಾನೆಗಳಲ್ಲಿ ಓಡುವ ಡಿಎಸ್‌ಟಿ ಫೈಲಿನಲ್ಲಂತೂ ಅಳತೆ 0.1 ಮಿಲಿಮೀಟರ್ ಲೆಕ್ಕದಲ್ಲಿ. ಒಂದು ಹೆಜ್ಜೆ ಹೆಚ್ಚೆಂದರೆ 12.1 ಮಿಲಿಮೀಟರ್. ಯಾವ ಬಣ್ಣ ಅನ್ನೋದೂ ಅದರಲ್ಲಿರೋದಿಲ್ಲ, "ಇಲ್ಲಿ ನಿಲ್ಲು, ದಾರ ಬದಲಿಸು" ಅಂತ ಮಾತ್ರ. ಡಿಎಸ್‌ಟಿ ತೆರೆದಾಗ ನಿಮ್ಮ ಗಿಳಿ ನೀಲಿಯಾಗಿ ಕಂಡರೆ ಗಾಬರಿ ಬೀಳಬೇಡಿ. ನನ್ನ ಮಷಿನ್ ಓದುವ ಪಿಇಎಸ್ ಫೈಲಿನಲ್ಲಿ ಬಣ್ಣವೂ ಬರುತ್ತದೆ.

ಆಟೋ ಬಟನ್ ಬಿಟ್ಟೆ. ಚಿತ್ರ ಬಿಡಿಸುವ ಇಂಕ್‌ಸ್ಕೇಪ್ ಸಾಫ್ಟ್‌ವೇರ್ ಹಾಕಿಕೊಂಡು ಅದರ ಮೇಲೆ, ಆಕಾರವನ್ನು ಹೊಲಿಗೆಯಾಗಿ ಬದಲಿಸುವ ಇಂಕ್‌ಸ್ಟಿಚ್ ಅನ್ನೋ ಎಕ್ಸ್‌ಟೆನ್ಷನ್ ಕೂರಿಸಿದೆ. ಎರಡೂ ಉಚಿತ. ಚಿತ್ರವನ್ನು ಮಸುಕಾಗಿ ಹಿಂದೆ ಇಟ್ಟು, ಅದರ ಮೇಲೆ ಒಂದೊಂದೇ ಆಕಾರ ನಾನೇ ಬಿಡಿಸಿದೆ. ಮೈಗೆ ಒಂದು, ಕಣ್ಣಿಗೆರಡು, ಮೂಗಿಗೊಂದು. ಇದಕ್ಕೇ ಎರಡು ಸಂಜೆ ಹೋಯಿತು.

ಮೀಸೆಯ ಕಥೆ ಬೇರೆ. ಆಟೋ ಫೈಲಿನಲ್ಲಿ ಒಂದೊಂದು ಮೀಸೆಯೂ ಜೋಡಿಯಾಗಿ ಬಂದಿತ್ತು. ಗೆರೆಯನ್ನು ಗೆರೆ ಅಂತ ನೋಡದೆ ಸಣ್ಣ ಉದ್ದನೆಯ ಆಕಾರ ಅಂತ ನೋಡಿ, ಮೇಲಿನ ಅಂಚು ಒಂದು, ಕೆಳಗಿನ ಅಂಚು ಒಂದು ಹೊಲಿದಿತ್ತು. ನಡುವಿನ ಗೆರೆಯೊಂದನ್ನೇ ಎಳೆದು ರನ್ನಿಂಗ್ ಸ್ಟಿಚ್ ಕೊಟ್ಟೆ. ಅದು ತೀರಾ ಬಡಕಲಾಯಿತು. ಮುಂದೆ ಒಂದು, ಹಿಂದೆ ಒಂದು, ಮತ್ತೆ ಮುಂದೆ ಒಂದು ಅಂತ ಒಂದೇ ಜಾಗವನ್ನು ಮೂರು ಸಲ ಹೊಲಿಯುವ ಬೀನ್ ಸ್ಟಿಚ್ ಹಾಕಿದ ಮೇಲೆ ಪೆನ್ನಲ್ಲಿ ಬರೆದ ಹಾಗೆ ಬಂತು. ಮಗು ಒಂದು ಕಡೆ ಮೂರು, ಇನ್ನೊಂದು ಕಡೆ ನಾಲ್ಕು ಬಿಡಿಸಿದ್ದಳು. ಕೈ ತಪ್ಪಿರಬೇಕು ಅಂದುಕೊಂಡು ಎರಡೂ ಕಡೆ ಮೂರು ಮಾಡಿದೆ.

ಮೈ ತುಂಬೋದಕ್ಕೆ ಫಿಲ್, ಅಂದರೆ ಜಾಗವನ್ನು ಸಾಲು ಸಾಲಾಗಿ ತುಂಬುವ ಹೊಲಿಗೆ. ಸಾಲಿನಿಂದ ಸಾಲಿಗೆ 0.4 ಮಿಲಿಮೀಟರ್ ಅಂತರ ಇಟ್ಟೆ. ಎಂಬ್ರಾಯ್ಡರಿಗೆ ಎಲ್ಲರೂ ಬಳಸುವ 40 ನಂಬರಿನ ದಾರಕ್ಕೆ ಅಷ್ಟು ಸಾಕು. ಹೊಲಿಗೆಯ ದಿಕ್ಕು ಮಾತ್ರ ನಾವೇ ಹೇಳಬೇಕು. ಈ ದಾರಕ್ಕೆ ಹೊಳಪಿದೆ, ಓಡುವ ದಿಕ್ಕು ತಿರುಗಿದರೆ ಹೊಳಪೂ ತಿರುಗುತ್ತದೆ. ಬಾಲಕ್ಕೂ ಮೈಗೂ ಒಂದೇ ಕಿತ್ತಳೆ ರೀಲು. ಮೈಗೆ ಓರೆ, ಬಾಲಕ್ಕೆ ಅಡ್ಡ. ಎರಡು ಬಣ್ಣದ ದಾರ ಬಳಸಿದ್ದೀಯಾ ಅಂತ ಅಮ್ಮನೇ ಕೇಳಿದಳು. ನನಗೆ ಅವತ್ತು ಊಟ ಸೇರಲಿಲ್ಲ, ಅಷ್ಟು ಖುಷಿ.

ಅದರ ಮಾರನೇ ದಿನ ಖುಷಿ ಇಳಿಯಿತು. ಪರದೆ ಮೇಲೆ ದುಂಡಗಿದ್ದ ಕಣ್ಣು ಬಟ್ಟೆ ಮೇಲೆ ಮೊಟ್ಟೆಯಾಗಿತ್ತು. ಕಿತ್ತಳೆಗೂ ಕಪ್ಪು ಗೆರೆಗೂ ನಡುವೆ ಬಿಳಿ ಬಟ್ಟೆ ಇಣುಕುತ್ತಿತ್ತು. ದಾರ ಬಿಗಿಯಾದಾಗ ಬಟ್ಟೆಯನ್ನು ಎರಡು ತುದಿಯಿಂದಲೂ ಒಳಕ್ಕೆ ಎಳೆಯುತ್ತದೆ. ಹೊಲಿಗೆ ಓಡಿದ ದಿಕ್ಕಿನಲ್ಲಿ ಆಕಾರ ಕುಗ್ಗುತ್ತದೆ, ಅದಕ್ಕೆ ಅಡ್ಡಲಾಗಿ ಕೊಂಚ ಹಿಗ್ಗುತ್ತದೆ. ಹಾಗಾಗಿ ಬಟ್ಟೆ ಮೇಲೆ ಸರಿ ಬರಬೇಕಾದರೆ ಪರದೆ ಮೇಲೆ ತಪ್ಪಾಗಿ ಬಿಡಿಸಬೇಕು! ಕುಗ್ಗುವ ದಿಕ್ಕಿಗೆ 0.3 ಮಿಲಿಮೀಟರ್ ಹೆಚ್ಚು ಕೊಟ್ಟೆ, ಇದಕ್ಕೆ ಪುಲ್ ಕಾಂಪೆನ್ಸೇಷನ್ ಅಂತಾರೆ. ಕಿತ್ತಳೆಯನ್ನು ಕಪ್ಪು ಗೆರೆಯ ಅಡಿಗೆ ಒಂದು ಮಿಲಿಮೀಟರ್ ನುಗ್ಗಿಸಿದೆ. ಗೆರೆಯನ್ನು ಕಟ್ಟಕಡೆಗೆ ಹೊಲಿಯುವ ಹಾಗೆ ಕ್ರಮ ಬದಲಿಸಿದೆ. ಫಿಲ್‌ಗಿಂತ ಮೊದಲು ವಿರಳವಾದ ಒಂದು ಅಡಿಹೊಲಿಗೆ, ಅಂದರೆ ಅಂಡರ್‌ಲೇ ಹಾಕಿದರೆ ಬಟ್ಟೆಯೂ ಅದರ ಕೆಳಗೆ ಆಸರೆಗೆ ಇಡುವ ಹಾಳೆ, ಅಂದರೆ ಸ್ಟೆಬಿಲೈಸರ್ರೂ ಒಂದಾಗಿ ನಿಲ್ಲುತ್ತವೆ, ಎಳೆತ ಅರ್ಧ ಅಲ್ಲೇ ಹೋಗುತ್ತದೆ. ಟೀ ಶರ್ಟಿನಂಥ ಎಳೆದರೆ ಹಿಗ್ಗುವ ಬಟ್ಟೆಗೆ ಹರಿದು ತೆಗೆಯುವ ಸ್ಟೆಬಿಲೈಸರ್ ಸಾಲದು, ಕತ್ತರಿಸಿ ಉಳಿಸಿಕೊಳ್ಳುವಂಥದ್ದೇ ಬೇಕು.

ಇಷ್ಟಾದ ಮೇಲೆ ಹೆಸರು. ನನ್ನ ಮಷಿನ್‌ನೊಳಗಿನ ಅಕ್ಷರಗಳಲ್ಲಿ ಕನ್ನಡ ಇಲ್ಲ. ಕಂಪ್ಯೂಟರಿನಲ್ಲಿ ಟೈಪ್ ಮಾಡಿ, ಆಕಾರವಾಗಿ ಬದಲಿಸಿ, ಸ್ಯಾಟಿನ್ ಸ್ಟಿಚ್ ಕೊಟ್ಟೆ. ಇಂಗ್ಲಿಷಿನ ಎಲ್, ಟಿ ಆಗಿದ್ದರೆ ನೆಟ್ಟಗೆ ಇಳಿದು ನೆಟ್ಟಗೆ ಹೊರಡಬಹುದು. ನಮ್ಮ ಅಕ್ಷರ ಎಲ್ಲಿ ಮುಟ್ಟಿದರೂ ದುಂಡು. ಸ್ಯಾಟಿನ್‌ನಲ್ಲಿ ಸೂಜಿ ಈ ಅಂಚಿಂದ ಆ ಅಂಚಿಗೆ ಜಿಗಿಯುತ್ತಾ ಹೋಗುತ್ತದೆ. ಗೆರೆ ಬಾಗಿದಲ್ಲಿ ಹೊರ ಅಂಚು ಉದ್ದ, ಒಳ ಅಂಚು ಗಿಡ್ಡ. ಒಳಗಡೆ ಅಷ್ಟೂ ಚುಚ್ಚು ಒಂದೇ ಜಾಗಕ್ಕೆ ಬಿದ್ದು ಗಂಟಿನಂತಾಗುತ್ತದೆ, ದಾರ ಹರಿಯುತ್ತದೆ, ಕೆಲವೊಮ್ಮೆ ಬಟ್ಟೆಯೇ ತೂತಾಗುತ್ತದೆ. ತಿರುವಿನಲ್ಲಿ ಒಂದು ಬಿಟ್ಟು ಒಂದು ಹೊಲಿಗೆಯನ್ನು ಒಳ ಅಂಚಿಗೆ ಮುಟ್ಟಿಸದೆ ಮೊದಲೇ ನಿಲ್ಲಿಸಬೇಕು. "ಚು"ವಿನ ಹೊಟ್ಟೆ ಹೀಗೆ ಸರಿಹೋಯಿತು. "ಕ್ಕಿ" ಮಾತ್ರ ಅಳಿಸಿತು. ಅಕ್ಷರದ ಎತ್ತರ ಎಂಟು ಮಿಲಿಮೀಟರ್ ಇಟ್ಟಿದ್ದೆ, ಅದರಲ್ಲಿ ಒತ್ತಿಗೆ ಸಿಕ್ಕಿದ್ದು ನಾಲ್ಕು. ಅದರ ಸುರುಳಿಯೊಳಗಿನ ಬಯಲು ಪೂರ್ತಿ ಮುಚ್ಚಿಹೋಗಿ ಕಪ್ಪು ಉಂಡೆಯೊಂದು ಕೂತಿತ್ತು. ಕೊನೆಗೆ ಅಕ್ಷರವನ್ನು ಹದಿನೈದಕ್ಕೆ ಏರಿಸಿ, ಒತ್ತನ್ನು ಬರೀ ಬೀನ್ ಸ್ಟಿಚ್‌ನಲ್ಲಿ ಬರೆಸಿದೆ. ಕನ್ನಡದಲ್ಲಿ ಹೆಸರು ಹೊಲಿಯುವವರು ಒತ್ತಕ್ಷರದ ಅಳತೆ ನೋಡಿ ಆಮೇಲೆ ಉಳಿದದ್ದರ ಅಳತೆ ಇಡಿ.

ಸಣ್ಣಪುಟ್ಟ ಪೇಚಾಟ ಇನ್ನೂ ಇದ್ದವು. ವಿನ್ಯಾಸ 100.2 ಮಿಲಿಮೀಟರ್ ಆಗಿತ್ತು, ಹೂಪ್ 100. ಮಷಿನ್ ಫೈಲನ್ನು ತೋರಿಸಲೇ ಇಲ್ಲ. ಪೆನ್‌ಡ್ರೈವ್ ಕೆಟ್ಟಿದೆ ಅಂತ ಒಂದು ಸಂಜೆ ಬೈದುಕೊಂಡೆ. ಇನ್ನೊಮ್ಮೆ ಸಿದ್ಧ ಹೊಲಿಗೆ ಫೈಲನ್ನೇ ಮೂರನೇ ಒಂದು ಪಾಲು ಚಿಕ್ಕದು ಮಾಡಿದೆ. ಹೊಲಿಗೆಯ ಸಂಖ್ಯೆ ಅಷ್ಟೇ ಉಳಿದು ಜಾಗ ಮಾತ್ರ ಕುಗ್ಗಿ ಮತ್ತೆ ಕಾಲೊರಸು. ಚಿಕ್ಕದು ದೊಡ್ಡದು ಮಾಡೋದಿದ್ದರೆ ನಾವು ಆಕಾರ ಬಿಡಿಸಿದ ಮೂಲ ಫೈಲಿನಲ್ಲಿ, ಅಂದರೆ ಎಸ್‌ವಿಜಿಯಲ್ಲಿ ಮಾಡಿ ಹೊಸದಾಗಿ ಹೊಲಿಗೆ ಹುಟ್ಟಿಸಬೇಕು.

ಹನ್ನೊಂದನೇ ದಿನ ಹಳೇ ಬನಿಯನ್ ಮೇಲೆ ಒಮ್ಮೆ ಹೊಲಿದು ನೋಡಿ, ಆಮೇಲೆ ಟೀ ಶರ್ಟಿಗೆ ಕೈ ಹಾಕಿದೆ. ನಾಲ್ಕು ಬಣ್ಣ, ಏಳು ಸಾವಿರ ಚಿಲ್ಲರೆ ಹೊಲಿಗೆ, ದಾರ ಬದಲಿಸೋದೂ ಸೇರಿ ಇಪ್ಪತ್ತೈದು ನಿಮಿಷ. ಅಮ್ಮ ಮಗುಚಿ ನೋಡಿದಳು. ಹಿಂದೆ ಕಪ್ಪು ಗೆರೆಯ ನಡುವೆ ಬಾಬಿನ್ನಿನ ಬಿಳಿ ದಾರ ಸಣ್ಣ ಪಟ್ಟಿಯಾಗಿ ನೆಟ್ಟಗೆ ಓಡಿತ್ತು. ಏನೂ ಅನ್ನಲಿಲ್ಲ, ಬಟ್ಟೆ ವಾಪಸ್ ಕೊಟ್ಟಳು. ಅಮ್ಮ ಏನೂ ಅನ್ನದಿದ್ದರೆ ಪಾಸು.

ಮಗು ಹಾಕಿಕೊಂಡು ಕನ್ನಡಿ ಮುಂದೆ ನಿಂತಳು. ಬೆರಳಿಟ್ಟು ಎಣಿಸಿದಳು. "ಅತ್ತೆ, ಚುಕ್ಕಿಗೆ ಈ ಕಡೆ ನಾಲ್ಕು ಮೀಸೆ."

"ಎರಡೂ ಕಡೆ ಒಂದೇ ಥರ ಇದ್ದರೆ ಚೆಂದ ಅಲ್ವೇನೋ ಪುಟ್ಟಿ?"

"ಚುಕ್ಕಿಗೆ ನಾಲ್ಕೇ ಇರೋದು."

ಹೂಪಿನಿಂದ ಬಿಚ್ಚಿದ ಬಟ್ಟೆಯನ್ನು ಅದೇ ಜಾಗಕ್ಕೆ, ಕೂದಲಷ್ಟೂ ಆಚೀಚೆ ಆಗದಂತೆ ಮತ್ತೆ ಕೂರಿಸೋದು ನನ್ನ ಕೈಲಿನ್ನೂ ಆಗದ ಕೆಲಸ. ಅಮ್ಮ ಕನ್ನಡಕ ಹಾಕಿಕೊಂಡು, ಕಪ್ಪು ರೀಲಿನಿಂದ ಮೊಳದುದ್ದ ದಾರ ಎಳೆದು, ನಾಲ್ಕನೆಯದನ್ನು ಕೈಯಲ್ಲೇ ಹಾಕಿಕೊಟ್ಟಳು. ಎರಡು ನಿಮಿಷವೂ ಆಗಲಿಲ್ಲ. ನಾನು ರಾತ್ರಿ ಫೈಲ್ ತೆರೆದು ಆ ಕಡೆಗೂ ಒಂದು ಗೆರೆ ಸೇರಿಸಿ ಉಳಿಸಿದೆ. ಈಗ ಅದರ ಹೆಸರು "ಚುಕ್ಕಿ 12".