ಮಲದಲ್ಲಿ ರಕ್ತ, ಕಂಕುಳಲ್ಲಿ ಗಡ್ಡೆ

ಎಂಟು ತಿಂಗಳ ಗಂಡುಮಗು, ಮಲದಲ್ಲಿ ರಕ್ತ ನಿಲ್ಲುತ್ತಿಲ್ಲ, ತೂಕ ಏರುತ್ತಿಲ್ಲ. ಹಸುವಿನ ಹಾಲಿನ ಅಲರ್ಜಿಯಾಗಿದ್ದರೆ ಹಾಲು ಬಿಡಿಸಿದ ಎರಡರಿಂದ ನಾಲ್ಕು ವಾರದಲ್ಲಿ ಇಳಿಯಬೇಕಿತ್ತು, ಇಳಿದಿಲ್ಲ. ಇಂಥ ಮಗು ಓಪಿಡಿಗೆ ಬಂದ ದಿನ, ಕೊಲೊನೊಸ್ಕೋಪಿ ರಿಪೋರ್ಟ್ ಓದುವ ಮೊದಲು ಮಗುವಿನ ಅಂಗಿ ಬಿಚ್ಚಿಸಿ ನೋಡುತ್ತೇವೆ. ಬಿಸಿಜಿ (ದುರ್ಬಲಗೊಳಿಸಿದ ಜೀವಂತ ರೋಗಾಣುವಿರುವ ಕ್ಷಯದ ಲಸಿಕೆ) ಹಾಕಿದ ಎಡಗಡೆಯ ಕಂಕುಳಲ್ಲಿ ಕೀವು ಸೋರುವ ಗಡ್ಡೆ, ಗುದದ ಪಕ್ಕ ಫಿಸ್ಟುಲಾ, ಅಂದರೆ ಕರುಳಿನಿಂದ ಚರ್ಮಕ್ಕೆ ತೆರೆದ ಅಸಹಜ ದಾರಿ. ಇವೆರಡೂ ಜೊತೆಗಿದ್ದರೆ ಬರೀ ಕರುಳಿನ ಕಾಯಿಲೆಯೆಂದು ಸುಮ್ಮನಿರುವಂತಿಲ್ಲ.

ಆಮೇಲೆ ತಾಯಿಯನ್ನು ಕೇಳುತ್ತೇವೆ: ನಿಮ್ಮ ಅಣ್ಣತಮ್ಮಂದಿರಲ್ಲಿ ಯಾರಾದರೂ ಕೂಸಾಗಿದ್ದಾಗಲೇ ತೀರಿಕೊಂಡರಾ? ಗಂಡ ಸೋದರಮಾವನೋ, ಅತ್ತೆಯ ಮಗನೋ? ನಮ್ಮ ಕಡೆ ಎರಡನೆಯ ಪ್ರಶ್ನೆಗೆ ಹೌದೆನ್ನುವವರು ಕಡಿಮೆಯೇನಿಲ್ಲ. ಮೊದಲನೆಯದಕ್ಕೆ ಹೌದು ಎಂದರೆ ತಾಯಿಯಿಂದ ಗಂಡುಮಕ್ಕಳಿಗೆ ಬರುವ ಎಕ್ಸ್ ಕ್ರೋಮೋಸೋಮಿನ ಸಿವೈಬಿಬಿ ಜೀನ್ ನೆನಪಾಗುತ್ತದೆ, ಅಂದರೆ ರೋಗನಿರೋಧಕ ಶಕ್ತಿಯ ಹುಟ್ಟುಕಾಯಿಲೆಯಾದ ಕ್ರಾನಿಕ್ ಗ್ರ್ಯಾನುಲೊಮ್ಯಾಟಸ್ ಡಿಸೀಸ್, ಸಿಜಿಡಿ.

ಈ ಜೀನ್ ಕೆಟ್ಟರೆ ಬಿಳಿರಕ್ತಕಣಗಳಾದ ನ್ಯೂಟ್ರೋಫಿಲ್‌ಗಳು ರೋಗಾಣುವನ್ನು ನುಂಗಿದರೂ ಕೊಲ್ಲಲಾರವು. ಕೊಲ್ಲಲು ಬೇಕಾದ ಆಕ್ಸಿಜನ್ ರಾಡಿಕಲ್‌ಗಳನ್ನು ತಯಾರಿಸುವ ಎನ್‌ಎಡಿಪಿಎಚ್ ಆಕ್ಸಿಡೇಸ್ ಎಂಬ ಕಿಣ್ವ ಇರುವುದಿಲ್ಲ. ಉರಿಯೂತವನ್ನು ತಣಿಸುವುದಕ್ಕೂ ಅದೇ ರಾಡಿಕಲ್‌ಗಳು ಬೇಕು. ಹಾಗಾಗಿ ಕರುಳಿನಲ್ಲಿ ಗ್ರ್ಯಾನುಲೋಮಾ (ಉರಿಯೂತದ ಕೋಶಗಳ ಗಂಟು) ಕಟ್ಟುತ್ತದೆ, ಬಯಾಪ್ಸಿ ನೋಡಿದವರು ಕ್ರೋನ್ಸ್ ಎಂಬ ಕರುಳಿನ ಉರಿಯೂತದ ಕಾಯಿಲೆ ಎಂದುಬಿಡುತ್ತಾರೆ. ಅಲ್ಲಿಂದ ಇನ್‌ಫ್ಲಿಕ್ಸಿಮ್ಯಾಬ್‌ಗೆ ಒಂದೇ ಹೆಜ್ಜೆ. ಸಿಜಿಡಿ ಇರುವ ಮಗುವಿಗೆ ಉರಿಯೂತ ಹೆಚ್ಚಿಸುವ ಪ್ರೋಟೀನಾದ ಟಿಎನ್‌ಎಫ್ ತಡೆಯುವ ಆ ಔಷಧಿ ಕೊಟ್ಟರೆ ಕರುಳು ಸುಧಾರಿಸುತ್ತಿರುವಾಗಲೇ ಸೋಂಕು ಪ್ರಾಣ ತೆಗೆಯಬಹುದು. ನಮಗೆ ಎಲ್ಲಕ್ಕಿಂತ ಹೆಚ್ಚು ಭಯವಿರುವುದು ಇದರದ್ದೇ.

ಉತ್ತರ ಒಂದು ದಿನದಲ್ಲಿ ಸಿಗುತ್ತದೆ. ನ್ಯೂಟ್ರೋಫಿಲ್ ರಾಡಿಕಲ್ ತಯಾರಿಸುತ್ತದೆಯೇ ಎಂದು ನೋಡುವ ಪರೀಕ್ಷೆಯ ಹೆಸರು ಡಿಎಚ್‌ಆರ್. ಹಸಿರು ಮುಚ್ಚಳದ ಹೆಪಾರಿನ್ ಟ್ಯೂಬಿನಲ್ಲಿ ಒಂದೆರಡು ಎಂಎಲ್ ರಕ್ತ ಸಾಕು. ಫ್ರಿಜ್‌ನಲ್ಲಿ ಇಡಬಾರದು, 24 ಗಂಟೆಯೊಳಗೆ ಲ್ಯಾಬ್ ತಲುಪಬೇಕು. ಅದೇ ಹೊತ್ತಿಗೆ, ಅದೇ ಪೆಟ್ಟಿಗೆಯಲ್ಲಿ, ಮನೆಯವರಲ್ಲದ ಆರೋಗ್ಯವಂತರೊಬ್ಬರ ರಕ್ತವೂ ಹೋಗಬೇಕು. ಅದಿಲ್ಲದಿದ್ದರೆ ದಾರಿಯಲ್ಲಿ ಕೆಟ್ಟ ಸ್ಯಾಂಪಲ್ಲನ್ನೇ ಕಾಯಿಲೆಯೆಂದು ಓದಿಬಿಡುವ ಅಪಾಯವಿದೆ. ತಾಯಿಯ ರಕ್ತವನ್ನೂ ಜೊತೆಗೇ ಕಳಿಸುವುದು ಒಳ್ಳೆಯದು.

ಲ್ಯಾಬಿನಲ್ಲಿ ರಾಡಿಕಲ್ ತಾಗಿದರೆ ಹೊಳೆಯುವ ಡಿಎಚ್‌ಆರ್ ಬಣ್ಣವನ್ನೂ, ಪಿಎಂಎ ಎಂಬ ರಾಸಾಯನಿಕವನ್ನೂ ಹಾಕಿ ಕೋಶಗಳನ್ನು ಕೆರಳಿಸುತ್ತಾರೆ. ಆರೋಗ್ಯವಂತರ ನ್ಯೂಟ್ರೋಫಿಲ್‌ಗಳು ಹೊಳೆಯುತ್ತವೆ, ಕೋಶಗಳ ಹೊಳಪು ಅಳೆಯುವ ಫ್ಲೋ ಸೈಟೊಮೀಟರಿನ ಪರದೆಯ ಮೇಲೆ ಗ್ರಾಫಿನ ಗುಡ್ಡ ಬಲಕ್ಕೆ ಸರಿಯುತ್ತದೆ. ಮಗುವಿನದು ಇದ್ದಲ್ಲೇ ಇರುತ್ತದೆ. ತಾಯಿಯದ್ದರಲ್ಲಿ ಎರಡು ಗುಡ್ಡ ಕಂಡರೆ ಆಕೆ ವಾಹಕಿ, ಅಂದರೆ ಕೆಟ್ಟ ಜೀನ್ ಹೊತ್ತವಳು. ಮೈಲೊಪೆರಾಕ್ಸಿಡೇಸ್ ಎಂಬ ಬೇರೊಂದು ಕಿಣ್ವದ ಕೊರತೆಯಿದ್ದರೂ ಗುಡ್ಡ ಸರಿಯಾಗಿ ಸರಿಯುವುದಿಲ್ಲ, ಆದ್ದರಿಂದ ಜೀನ್ ಪರೀಕ್ಷೆ ಮಾಡಿ ಖಚಿತಪಡಿಸಿಕೊಳ್ಳಲೇಬೇಕು.

ಡಿಎಚ್‌ಆರ್ ಸರಿಯಿದ್ದರೆ ಹುಡುಕಾಟ ಮುಗಿಯಿತೆಂದಲ್ಲ. ಹುಟ್ಟಿದ ಮೊದಲ ತಿಂಗಳುಗಳಲ್ಲೇ ಶುರುವಾಗಿದ್ದರೆ ಉರಿಯೂತ ತಣಿಸುವ ಸಂದೇಶವನ್ನು ಹಿಡಿಯುವ ಐಎಲ್-10 ರಿಸೆಪ್ಟರಿನ ಜೀನ್‌ಗಳನ್ನೂ, ಗಂಡುಮಗುವಾದರೆ ಎಕ್ಸ್ ಕ್ರೋಮೋಸೋಮಿನ ಇನ್ನೊಂದು ಜೀನ್ ಆದ ಎಕ್ಸ್‌ಐಎಪಿಯನ್ನೂ ನೋಡಬೇಕು. ಐಎಲ್-10 ರಿಸೆಪ್ಟರ್ ದೋಷದಿಂದ ಬರುವ ಕರುಳಿನ ಉರಿಯೂತವನ್ನು 2009ರಲ್ಲಿ ಗುರುತಿಸಲಾಯಿತು. ಅದಕ್ಕೆ ಅಸ್ಥಿಮಜ್ಜೆ ಕಸಿಯೇ ಮದ್ದು.

ಸಿಜಿಡಿ ಖಚಿತವಾದರೆ ಅಂದಿನಿಂದಲೇ ದಿನವೂ ಬ್ಯಾಕ್ಟೀರಿಯಾ ತಡೆಗೆ ಕೋಟ್ರೈಮೊಕ್ಸಜೋಲ್, ಶಿಲೀಂಧ್ರ ತಡೆಗೆ ಇಟ್ರಕೊನಜೋಲ್ ಶುರುಮಾಡಿ, ಕಸಿಗೆ ಹೊಂದುವ ದಾನಿಯನ್ನು ಹುಡುಕಲು ತೊಡಗುತ್ತೇವೆ. ತಾಯಿಯ ಕೈಗೆ ಒಂದು ಚೀಟಿಯನ್ನೂ ಕೊಡುತ್ತೇವೆ: ಮುಂದೆ ಗಂಡುಮಗು ಹುಟ್ಟಿದರೆ ಡಿಎಚ್‌ಆರ್ ಫಲಿತಾಂಶ ಬರುವ ತನಕ ಬಿಸಿಜಿ ಹಾಕಿಸಬೇಡಿ.