ಜೇಮ್ಸ್‌ಟೌನ್ ಎರಡಿವೆ: ವರ್ಜೀನಿಯಾಗೆ ಹೊರಟವರಿಗೆ ಒಂದಷ್ಟು ಮಾತು

ಜೇಮ್ಸ್‌ಟೌನ್ ನೋಡಬೇಕು ಅಂತ ಹೊರಟಿದ್ದರೆ ಮೊದಲು ಇದನ್ನು ತಿಳಿದುಕೊಳ್ಳಿ. ಆ ಹೆಸರಿನ ಜಾಗಗಳು ಎರಡಿವೆ. ಒಂದು ಜೇಮ್ಸ್‌ಟೌನ್ ಸೆಟ್ಲ್‌ಮೆಂಟ್. ಇನ್ನೊಂದು ಹಿಸ್ಟಾರಿಕ್ ಜೇಮ್ಸ್‌ಟೌನ್. ಎರಡಕ್ಕೂ ಮಧ್ಯೆ ಹೆಚ್ಚೆಂದರೆ ಒಂದೆರಡು ಕಿಲೋಮೀಟರು. ಮೊದಲನೆಯದು ರಾಜ್ಯ ಸರ್ಕಾರ ಕಟ್ಟಿದ ಮ್ಯೂಸಿಯಂ. ಅಲ್ಲಿರುವ ಕೋಟೆ, ಹಡಗು, ಮೂಲನಿವಾಸಿಗಳ ಗುಡಿಸಲು ಎಲ್ಲ ನಕಲು. ಎರಡನೆಯದು ನದಿ ದಡದ ನಿಜವಾದ ಜಾಗ. 1607ರಲ್ಲಿ ಇಂಗ್ಲಿಷರು ಬಂದಿಳಿದು ಅಮೆರಿಕದಲ್ಲಿ ಗಟ್ಟಿಯಾಗಿ ತಳವೂರಿದ್ದು ಇಲ್ಲೇ. ಟ್ಯಾಕ್ಸಿಯವರಿಗೆ ಸುಮ್ನೆ 'ಜೇಮ್ಸ್‌ಟೌನ್' ಅಂದರೆ ನಕಲಿನ ಮುಂದೆ ಇಳಿಸಿ ಹೊರಟುಬಿಡುತ್ತಾರೆ. ನಮಗೂ ಹಾಗೇ ಆಯ್ತು. ಅಲ್ಲಿಂದ ಅಸಲಿ ಜಾಗಕ್ಕೆ ಇನ್ನೊಂದು ಟ್ಯಾಕ್ಸಿ, ಇನ್ನೊಂದು ಬಾಡಿಗೆ.

ಚಿಕ್ಕ ಮಕ್ಕಳಿದ್ದರೆ ನಕಲು ಜಾಗ ಚೆನ್ನಾಗಿದೆ. ಹಡಗು ಹತ್ತಿ ಇಳಿಯಬಹುದು. ಇಲ್ಲದಿದ್ದರೆ ಬಿಟ್ಟುಬಿಡಿ.

ಅಸಲಿ ಜಾಗದಲ್ಲೂ ಒಂದು ಕಿರಿಕಿರಿ ಇದೆ. ರಾಷ್ಟ್ರೀಯ ಉದ್ಯಾನಗಳ ವಾರ್ಷಿಕ ಪಾಸ್ ಇದ್ದರೆ ಪ್ರವೇಶ ಪುಕ್ಕಟೆ ಅಂದುಕೊಂಡು ಹೋಗುತ್ತೇವೆ, ಅಲ್ವಾ? ಆದರೆ ಈ ಜಾಗಕ್ಕೆ ಇಬ್ಬರು ಯಜಮಾನರು. ಒಂದು ಭಾಗ ಕೇಂದ್ರ ಸರ್ಕಾರದ್ದು, ಕೋಟೆ ಇದ್ದ ಭಾಗ ಒಂದು ಖಾಸಗಿ ಸಂಸ್ಥೆಯದ್ದು. ಪಾಸ್ ನಡೆಯುವುದು ಅರ್ಧ ದುಡ್ಡಿಗೆ ಮಾತ್ರ. ಉಳಿದರ್ಧ ಕೌಂಟರಿನಲ್ಲಿ ತಲೆಗಿಷ್ಟು ಅಂತ ಎಣಿಸಿ ಕೊಡಬೇಕು. ಕೊಡಿ, ಬೇಜಾರು ಮಾಡಿಕೊಳ್ಳಬೇಡಿ. ಈ ಇಡೀ ಪ್ರವಾಸದಲ್ಲಿ ಕೊಟ್ಟ ದುಡ್ಡಿಗೆ ಮೋಸ ಆಗದ ಜಾಗ ಇದು.

ಒಳಗೆ ಆರ್ಕೇರಿಯಮ್ ಅಂತ ಪುಟ್ಟ ಮ್ಯೂಸಿಯಂ ಇದೆ. ಕೋಟೆಯ ಜಾಗ ನದಿಯಲ್ಲಿ ಕೊಚ್ಚಿಹೋಗಿದೆ ಅಂತಲೇ ಬಹಳ ಕಾಲ ನಂಬಿದ್ದರಂತೆ. 1994ರಲ್ಲಿ ಅಗೆಯೋಕೆ ಶುರು ಮಾಡಿದ ಮೇಲೆ ಗೊತ್ತಾಯ್ತು, ಹೆಚ್ಚು ಪಾಲು ನೆಲದಡಿಯಲ್ಲೇ ಇದೆ ಅಂತ. ಅಗೆದಾಗ ಸಿಕ್ಕಿದ್ದೆಲ್ಲ ಇಲ್ಲಿದೆ. ನೋಡಲೇಬೇಕಾದದ್ದು ಒಂದು ಹುಡುಗಿಯ ತಲೆಬುರುಡೆ. ವಯಸ್ಸು ಸುಮಾರು 14. ಹೆಸರು ಯಾರಿಗೂ ಗೊತ್ತಿಲ್ಲ, 'ಜೇನ್' ಅಂತ ಕರೆದಿದ್ದಾರೆ. 1609ರ ಚಳಿಗಾಲದಲ್ಲಿ ಕೋಟೆಯೊಳಗೆ ಮುನ್ನೂರರಷ್ಟು ಜನ ಇದ್ದರು. ವಸಂತ ಬರುವ ಹೊತ್ತಿಗೆ ಉಳಿದವರು ಅರವತ್ತರಷ್ಟು. ಹಸಿವಿನಲ್ಲಿ ಕುದುರೆ, ನಾಯಿ, ಇಲಿ, ಚಪ್ಪಲಿಯ ಚರ್ಮ ಎಲ್ಲ ಮುಗಿದ ಮೇಲೆ ಸತ್ತವರನ್ನೂ ತಿಂದರು. ಬುರುಡೆಯ ಹಣೆಯ ಮೇಲೆ ಒಂದರ ಪಕ್ಕ ಒಂದು ನಾಲ್ಕು ಸಣ್ಣ ಕಚ್ಚುಗಳಿವೆ. ಆಳಕ್ಕೆ ಇಳಿದಿಲ್ಲ. ಕತ್ತಿ ಹಿಡಿದವನ ಕೈ ನಡುಗಿರಬೇಕು. ಆಮೇಲೆ ಹಿಂದಿನಿಂದ ಬಿದ್ದ ಏಟು ಮಾತ್ರ ಜೋರಾಗಿದೆ. ನನ್ನ ಮನೆಯವರು ಹೊರಗೆ ಹೋಗಿ ಕೂತರು. ಚಿಕ್ಕ ಮಕ್ಕಳನ್ನು ಆ ಮೂಲೆಗೆ ಕರೆದುಕೊಂಡು ಹೋಗಬೇಡಿ.

ಅಲ್ಲೇ ಪಕ್ಕದಲ್ಲಿ ಚರ್ಚು. ಇಟ್ಟಿಗೆ ಗೋಪುರ ಹದಿನೇಳನೇ ಶತಮಾನದ್ದು, ಅದರ ಹಿಂಬದಿಗೆ ಅಂಟಿದ ಕಟ್ಟಡ 1907ರದ್ದು. 1619ರ ಜುಲೈ 30ರಂದು ಈ ಜಾಗದಲ್ಲಿದ್ದ ಮರದ ಚರ್ಚಿನಲ್ಲಿ ಆರಿಸಿ ಬಂದ ಪ್ರತಿನಿಧಿಗಳ ಸಭೆ ಸೇರಿತು. ಇಂಗ್ಲಿಷರ ಅಮೆರಿಕದಲ್ಲಿ ಅದೇ ಮೊದಲನೆಯದು. ಸೆಕೆ, ಕಾಯಿಲೆ ತಾಳಲಾರದೆ ಆಗಸ್ಟ್ 4ಕ್ಕೇ ಮುಗಿಸಿ ಎದ್ದರಂತೆ. ಒಬ್ಬ ಸದಸ್ಯ ನಡುವೆಯೇ ತೀರಿಹೋದ. ನಾವು ಹೋಗಿದ್ದೂ ಜುಲೈನಲ್ಲೇ. ಮಂಗಳೂರಿನ ಮೇ ತಿಂಗಳನ್ನು ಎತ್ತಿ ತಂದು ಇಟ್ಟ ಹಾಗಿತ್ತು, ಜೊತೆಗೆ ಜೌಗು ನೆಲದ ಸೊಳ್ಳೆ. ಆ ಸದಸ್ಯನ ಬಗ್ಗೆ ನನಗೆ ಪೂರ್ತಿ ಸಹಾನುಭೂತಿ ಇದೆ. ಅಕ್ಟೋಬರಿನಲ್ಲಿ ಹೋಗಿ.

ಈಗ ಬಸ್ಸಿನ ವಿಷಯ. ವಾಷಿಂಗ್ಟನ್ ಹತ್ತಿರ ತಂಗಿ ಮನೆಯಿಂದ ಹೊರಟವರು ನಾವು. ರೈಲಿಗಿಂತ ಅಗ್ಗ ಅಂತ ದೂರದ ಬಸ್ಸು ಹಿಡಿದೆವು. ಅಲ್ಲಿಂದ ರಿಚ್ಮಂಡ್ ಕಡೆಗೆ ಹೋಗುವ ಐ-95 ಹೆದ್ದಾರಿಯ ಟ್ರಾಫಿಕ್ಕಿನ ಬಗ್ಗೆ ಅಲ್ಲಿನವರನ್ನೇ ಕೇಳಿ, ಕೈ ಮುಗಿಯುತ್ತಾರೆ. ಬಸ್ಸು ಹತ್ತುವ ಜಾಗಕ್ಕೆ ನೆರಳಿಲ್ಲ, ಬೋರ್ಡಿಲ್ಲ, ಸುಮ್ನೆ ಒಂದು ಫುಟ್‌ಪಾತು. ಬಸ್ಸು ಬಂದಿದ್ದೇ ತಡವಾಗಿ. ಎಸಿ ಕೆಟ್ಟಿತ್ತು, ಕಿಟಕಿ ತೆಗೆಯೋಕೆ ಬರಲ್ಲ. ಹಿಂದಿನ ಟಾಯ್ಲೆಟ್ಟಿನ ವಾಸನೆ ಅರ್ಧ ಬಸ್ಸಿಗೆ ಹರಡಿತ್ತು. ರಿಚ್ಮಂಡ್ ಮುಟ್ಟುವಷ್ಟರಲ್ಲಿ ಮುಂದಿನ ಬಸ್ಸು ಹೋಗಿಯಾಗಿತ್ತು. ಕೇಳೋಣ ಅಂದರೆ ಕೌಂಟರಿನಲ್ಲಿ ಯಾರೂ ಇಲ್ಲ. ಫೋನ್ ಮಾಡಿದರೆ ಬರೀ ಯಂತ್ರದ ದನಿ. ನಮ್ಮ ಕೆಂಪು ಬಸ್ಸಿನಲ್ಲಿ ಬೈಯೋಕಾದರೂ ಒಬ್ಬ ಕಂಡಕ್ಟರ್ ಇರುತ್ತಾನೆ.

ಹಾಗಾಗಿ ರೈಲು ಹಿಡಿಯಿರಿ. ವಾಷಿಂಗ್ಟನ್ನಿನ ಯೂನಿಯನ್ ಸ್ಟೇಷನ್ನಿನಿಂದ ಜೇಮ್ಸ್‌ಟೌನ್ ಪಕ್ಕದ ವಿಲಿಯಮ್ಸ್‌ಬರ್ಗ್‌ಗೆ ನೇರ ಆಮ್‌ಟ್ರ್ಯಾಕ್ ರೈಲಿದೆ, ಸುಮಾರು ನಾಲ್ಕು ಗಂಟೆ. ದಿನಕ್ಕೆ ಒಂದೆರಡೇ ಇರುವುದರಿಂದ ಮೊದಲೇ ಟಿಕೆಟ್ ಮಾಡಿಸಿ. ಸ್ಟೇಷನ್ನಿನಿಂದ ಕಲೋನಿಯಲ್ ವಿಲಿಯಮ್ಸ್‌ಬರ್ಗ್ ಅನ್ನುವ ಹಳೇ ಊರಿಗೆ ನಡೆದುಕೊಂಡೇ ಹೋಗಬಹುದು.

ರೂಮು ಇನ್ನೊಂದು ಕಥೆ. ಫೋನಿನಲ್ಲಿ ಕಂಡ ಬೆಲೆ ಬೇರೆ, ಕೌಂಟರಿನಲ್ಲಿ ಕೇಳಿದ್ದು ಬೇರೆ. 'ರೆಸಾರ್ಟ್ ಫೀ' ಅಂತ ದಿನಕ್ಕಿಷ್ಟು ಸೇರಿಸಿದ್ದರು. ಏನದು ರೆಸಾರ್ಟು ಅಂತ ಕೇಳಿದೆ. ಈಜುಕೊಳ ಅಂದರು. ಈಜುಕೊಳಕ್ಕೆ ಬೀಗ ಹಾಕಿ ನೀಲಿ ಟಾರ್ಪಾಲು ಹೊದಿಸಿತ್ತು. ಆ ಊರಿನಲ್ಲಿ ರೂಮಿನ ರೇಟು ಏರುವುದು ಇತಿಹಾಸ ನೋಡೋಕೆ ಬರುವವರಿಂದ ಅಲ್ಲ, ಪಕ್ಕದ ಬುಶ್ ಗಾರ್ಡನ್ಸ್ ಅನ್ನುವ ದೊಡ್ಡ ರೋಲರ್ ಕೋಸ್ಟರ್ ಪಾರ್ಕಿಗೆ ಬರುವವರಿಂದ. ಶಾಲೆ ರಜೆಯ ಶನಿವಾರ ಭಾನುವಾರ ತಪ್ಪಿಸಿದರೆ ಅರ್ಧ ದುಡ್ಡು ಉಳಿಯುತ್ತದೆ.

ಹೊಟ್ಟೆಯ ವಿಷಯಕ್ಕೆ ಬರೋಣ. ಹಳೇ ಊರಿನೊಳಗೆ ಮೇಣದ ಬತ್ತಿ ಹಚ್ಚಿಟ್ಟು, ಹಳೇ ಕಾಲದ ವೇಷ ಹಾಕಿಕೊಂಡು ಬಡಿಸುವ ಹೋಟೆಲುಗಳಿವೆ. ಕಡಲೆಕಾಯಿ ಸೂಪು ಚೆನ್ನಾಗಿತ್ತು, ಆದರೆ ಬಿಲ್ಲು ನೋಡಿದ ಮೇಲೆ ರುಚಿ ಮರೆತುಹೋಯ್ತು. ಅದರ ಬದಲು ಮರ್ಚೆಂಟ್ಸ್ ಸ್ಕ್ವೇರಿನ ಚೀಸ್ ಶಾಪ್‌ಗೆ ಹೋಗಿ. ಪಕ್ಕದ ವಿಲಿಯಂ ಅಂಡ್ ಮೇರಿ ಕಾಲೇಜಿನ ಹುಡುಗರ ಅಡ್ಡೆ ಅದು. ಅಲ್ಲಿ ಸ್ಯಾಂಡ್‌ವಿಚ್ ಮಾಡುವಾಗ ಬ್ರೆಡ್ಡಿನ ಎರಡು ತುದಿ ಕತ್ತರಿಸುತ್ತಾರಲ್ಲ, ಆ ತುದಿಗಳನ್ನೇ ಪೊಟ್ಟಣ ಕಟ್ಟಿ ಅಗ್ಗಕ್ಕೆ ಮಾರುತ್ತಾರೆ. ಜೊತೆಗೆ ಒಂದು ಡಬ್ಬಿ 'ಹೌಸ್ ಡ್ರೆಸ್ಸಿಂಗ್'. ಸಾಸಿವೆಯ ಖಾರ, ಸ್ವಲ್ಪ ಹುಳಿ, ಬೆಣ್ಣೆಯ ಥರ ನುಣ್ಣಗೆ. ಬ್ರೆಡ್ಡಿನ ಹೊರಗೆ ಗರಿಗರಿ, ಒಳಗೆ ಮೆತ್ತಗೆ. ಮೊದಲ ದಿನ ಒಂದು ಪೊಟ್ಟಣ ತಗೊಂಡೆವು, ಅರ್ಧ ಗಂಟೆಯಲ್ಲಿ ಮತ್ತೆ ಸಾಲಿನಲ್ಲಿ ನಿಂತಿದ್ದೆವು. ಸಸ್ಯಾಹಾರಿಗಳಿಗೆ ಹೊಟ್ಟೆ ತುಂಬ ಸಿಗುತ್ತದೆ, ಆದರೆ ಮೊಟ್ಟೆ ತಿನ್ನದವರು ಆ ಡ್ರೆಸ್ಸಿಂಗ್ ಬಗ್ಗೆ ಕೇಳಿ ತಗೊಳ್ಳಿ. ಮಧ್ಯಾಹ್ನ ಸಾಲು ಉದ್ದ ಇರುತ್ತದೆ. ಹನ್ನೊಂದೂವರೆಗೆ ಹೋಗಿ, ತಗೊಂಡು ಹೊರಗಿನ ಮರದಡಿ ಬೆಂಚಿನಲ್ಲಿ ಕೂತುಬಿಡಿ.

ಕಲೋನಿಯಲ್ ವಿಲಿಯಮ್ಸ್‌ಬರ್ಗ್ ಬಗ್ಗೆ ಜಾಸ್ತಿ ಹೇಳಲ್ಲ. ಬೀದಿಗಳಲ್ಲಿ ಓಡಾಡೋಕೆ ಟಿಕೆಟ್ ಬೇಡ, ಮನೆಗಳ ಒಳಗೆ ಹೋಗೋಕೆ ಮಾತ್ರ ಬೇಕು. ರಾಕ್‌ಫೆಲ್ಲರ್ ದುಡ್ಡಿನಲ್ಲಿ 1920ರ ದಶಕದಿಂದ ಮತ್ತೆ ಕಟ್ಟಿ ನಿಲ್ಲಿಸಿದ ಊರು. ನನಗೆ ಜನಜಂಗುಳಿ ಆಗಿಬರಲ್ಲ, ಗವರ್ನರ್ ಅರಮನೆಯ ಮುಂದಿನ ಸಾಲು ನೋಡಿಯೇ ವಾಪಸ್ ಬಂದೆ. ಬ್ರೇ ಸ್ಕೂಲ್ ಅನ್ನುವ ಪುಟ್ಟ ಮರದ ಕಟ್ಟಡವನ್ನು ಮಾತ್ರ ಹುಡುಕಿಕೊಂಡು ಹೋಗಿ. 1760ರಲ್ಲಿ ಕಪ್ಪು ಮಕ್ಕಳಿಗೆ ಅಂತ ತೆರೆದ ಶಾಲೆ. ಹೆಚ್ಚಿನವರು ಗುಲಾಮರ ಮಕ್ಕಳು. ಕಾಲೇಜಿನ ಆವರಣದಲ್ಲಿ ಬೇರೆ ಹೆಸರಿನಲ್ಲಿ ಉಳಿದುಕೊಂಡಿತ್ತು. 2020ರಲ್ಲಿ ಗುರುತು ಹಿಡಿದರು, 2023ರಲ್ಲಿ ಲಾರಿಯ ಮೇಲೆ ಇಡೀ ಕಟ್ಟಡವನ್ನೇ ಹಳೇ ಊರಿಗೆ ತಂದರು.

ಯಾರ್ಕ್‌ಟೌನ್‌ಗೆ ಹೋಗಿದ್ದು ಒಬ್ಬ ಮನುಷ್ಯನ ಸಲುವಾಗಿ. ನಾನು ಮಂಡ್ಯ ಕಡೆಯವನು. ಲಾರ್ಡ್ ಕಾರ್ನ್‌ವಾಲಿಸ್ ಅಂದರೆ ನಮಗೆ 1791ರಲ್ಲಿ ಬೆಂಗಳೂರು ಕೋಟೆ ಹಿಡಿದವನು, ಮರುವರ್ಷ ಶ್ರೀರಂಗಪಟ್ಟಣಕ್ಕೆ ಮುತ್ತಿಗೆ ಹಾಕಿ ಟಿಪ್ಪುವಿನ ಇಬ್ಬರು ಮಕ್ಕಳನ್ನು ಒತ್ತೆ ಇಟ್ಟುಕೊಂಡವನು. ಅದೇ ಕಾರ್ನ್‌ವಾಲಿಸ್ ಅದಕ್ಕೂ ಹತ್ತು ವರ್ಷ ಮುಂಚೆ, 1781ರ ಅಕ್ಟೋಬರ್ 19ರಂದು, ಇಲ್ಲಿ, ಅಮೆರಿಕದ ಸ್ವಾತಂತ್ರ್ಯ ಯುದ್ಧದಲ್ಲಿ, ಜನರಲ್ ಜಾರ್ಜ್ ವಾಷಿಂಗ್ಟನ್ ಮತ್ತು ಫ್ರೆಂಚರ ಮುಂದೆ ಸೋತು ಶರಣಾದ. ಶರಣಾಗುವ ದಿನ ಮೈ ಹುಷಾರಿಲ್ಲ ಅಂತ ಹೇಳಿ ಮನೆಯಲ್ಲೇ ಉಳಿದು, ತನ್ನ ಕೈಕೆಳಗಿನವನನ್ನು ಕಳಿಸಿದ. ಸರೆಂಡರ್ ಫೀಲ್ಡ್ ಅನ್ನುವ ಆ ಬಯಲಿನಲ್ಲಿ ಈಗ ಹುಲ್ಲು ಬಿಟ್ಟರೆ ಹೆಚ್ಚೇನಿಲ್ಲ, ನಾವು ಹೋದಾಗ ಜನವೂ ಇರಲಿಲ್ಲ. ನನಗೆ ಅದೇ ಇಷ್ಟವಾಯ್ತು.

ಕೆಳಗೆ ನದಿ ದಡದಲ್ಲಿ ಚಿಕ್ಕ ಮರಳು ಬೀಚಿದೆ. ಕುಟುಂಬಗಳು ಛತ್ರಿ ಹಾಕಿಕೊಂಡು ಕೂತಿರುತ್ತವೆ. ಯುದ್ಧದ ಹೊತ್ತಿನಲ್ಲಿ ಬಿಡುಗಡೆ ಸಿಗುತ್ತದೆ ಅಂತ ನಂಬಿ ಸಾವಿರಾರು ಗುಲಾಮರು ಬ್ರಿಟಿಷರ ಕಡೆಗೆ ಓಡಿ ಬಂದಿದ್ದರು. ಮುತ್ತಿಗೆಯಲ್ಲಿ ಊಟ ಕಡಿಮೆಯಾದಾಗ, ಸಿಡುಬು ಹತ್ತಿದವರನ್ನು ಕಾರ್ನ್‌ವಾಲಿಸ್ ಹೊರಗೆ ಅಟ್ಟಿದ. ಗೆದ್ದ ಮೇಲೆ ವಾಷಿಂಗ್ಟನ್ ಮಾಡಿದ್ದೇನು? ಉಳಿದವರು ಹಡಗು ಹತ್ತಿ ತಪ್ಪಿಸಿಕೊಳ್ಳದ ಹಾಗೆ ದಡದಲ್ಲಿ ಕಾವಲು ಹಾಕಿಸಿದರು. ಅವರ ಸ್ವಂತ ಎಸ್ಟೇಟಿನಿಂದ ಓಡಿಹೋಗಿದ್ದ ಇಬ್ಬರು ಹೆಂಗಸರು ಇಲ್ಲೇ ಸಿಕ್ಕಿಬಿದ್ದರು. ಸ್ವಾತಂತ್ರ್ಯ ಗೆದ್ದ ಊರಿನ ಅಂಗಡಿಯಲ್ಲಿ ಮಾರುವ ಕಾಫಿ ಲೋಟ, ಟೀ ಶರ್ಟುಗಳ ಮೇಲೆ ಇದರ ಸುದ್ದಿ ಇರಲ್ಲ.

ಕೊನೆಗೆ ಫೋರ್ಟ್ ಮನ್ರೋ. ಹ್ಯಾಂಪ್ಟನ್ ಊರಿನಲ್ಲಿದೆ, ಕಾರು ಬೇಕು. ಮುಕ್ಕಾಲು ಪಾಲು ಪ್ರವಾಸಿಗರು ಇಲ್ಲಿಗೆ ಬರಲ್ಲ, ಆದರೆ ನನ್ನ ಪ್ರಕಾರ ಜೇಮ್ಸ್‌ಟೌನ್ ನೋಡಿದ ದಿನವೇ ಇದನ್ನೂ ನೋಡಬೇಕು. ಆ ಚರ್ಚಿನಲ್ಲಿ ಸಭೆ ಸೇರಿ ತಿಂಗಳು ಕಳೆದಿರಲಿಲ್ಲ, 1619ರ ಆಗಸ್ಟ್ ಕೊನೆಗೆ ವೈಟ್ ಲಯನ್ ಅನ್ನುವ ಹಡಗು ಇಲ್ಲಿಗೆ ಬಂತು. ಪೋರ್ಚುಗೀಸರ ಹಡಗಿನಿಂದ ದೋಚಿಕೊಂಡು ಬಂದ ಅಂಗೋಲದ ಇಪ್ಪತ್ತಕ್ಕೂ ಸ್ವಲ್ಪ ಹೆಚ್ಚು ಜನ ಅದರಲ್ಲಿದ್ದರು. ಅವರನ್ನು ದಿನಸಿಗೆ ಬದಲಾಗಿ ಕೊಟ್ಟು ಹಡಗು ಹೊರಟುಹೋಯ್ತು.

ಅದೇ ಜಾಗದಲ್ಲಿ, ಅಮೆರಿಕದ ಉತ್ತರ ದಕ್ಷಿಣ ರಾಜ್ಯಗಳ ನಡುವೆ ಅಂತರ್ಯುದ್ಧ ಶುರುವಾಗಿದ್ದ 1861ರ ಮೇ ತಿಂಗಳ ಒಂದು ರಾತ್ರಿ, ಮೂವರು ಗುಲಾಮರು ದೋಣಿಯಲ್ಲಿ ಬಂದು ಆಶ್ರಯ ಕೇಳಿದರು. ಫ್ರಾಂಕ್ ಬೇಕರ್, ಜೇಮ್ಸ್ ಟೌನ್‌ಸೆಂಡ್, ಶೆಪರ್ಡ್ ಮ್ಯಾಲರಿ. ಒಡೆಯನ ಕಡೆಯವರು ಬಂದು, ಕಾನೂನಿನ ಪ್ರಕಾರ ಅವರನ್ನು ವಾಪಸ್ ಕೊಡಿ ಅಂದರು. ಉತ್ತರದವರ ಕೈಯಲ್ಲಿದ್ದ ಈ ಕೋಟೆಯ ಜನರಲ್ ಬೆಂಜಮಿನ್ ಬಟ್ಲರ್ ಮೂಲತಃ ವಕೀಲ. ವರ್ಜೀನಿಯಾ ತಾನು ಬೇರೆ ದೇಶ ಅನ್ನುತ್ತಿದೆಯಲ್ಲ, ಹಾಗಿದ್ದ ಮೇಲೆ ನಮ್ಮ ಕಾನೂನು ನಿಮಗೆ ಹೇಗೆ ಸಿಗುತ್ತದೆ ಅಂತ ವಾದ ಹೂಡಿದ. ಇವರು ನಿಮ್ಮ ಆಸ್ತಿ ಅಂತೀರಿ, ಯುದ್ಧಕ್ಕೆ ಬಳಸಿದ ಆಸ್ತಿ, ಜಪ್ತಿ ಮಾಡಿದ್ದೇನೆ ಅಂದ. ಸುದ್ದಿ ಹರಡಿ ಸಾವಿರಾರು ಜನ ಕೋಟೆಯ ಕಡೆ ನಡೆದು ಬಂದರು.

ಕೋಟೆಯ ದಪ್ಪ ಗೋಡೆಯೊಳಗಿನ ಕೇಸ್‌ಮೇಟ್ ಮ್ಯೂಸಿಯಂ ಪುಕ್ಕಟೆ. ಯುದ್ಧ ಸೋತ ಮೇಲೆ ದಕ್ಷಿಣದವರ ಅಧ್ಯಕ್ಷ ಜೆಫರ್ಸನ್ ಡೇವಿಸ್‌ನನ್ನು ಕೂಡಿಹಾಕಿದ್ದ ಕೋಣೆಯೂ ಅಲ್ಲೇ ಇದೆ. ಒಳಗೆ ತಣ್ಣಗಿರುತ್ತದೆ, ಬಿಸಿಲಿನಿಂದ ಬಂದವರಿಗೆ ಅದೂ ಒಂದು ಲಾಭ. ತೆರೆಯುವ ದಿನ ನೋಡಿಕೊಂಡು ಹೋಗಿ, ತಿಂಡಿ ನೀರು ಕಟ್ಟಿಕೊಳ್ಳಿ. ಐ-64ರಲ್ಲಿ ಹೋಗುವಾಗ ಸಮುದ್ರದಡಿಯ ಸುರಂಗಕ್ಕೆ ಸ್ವಲ್ಪ ಮುಂಚೆಯೇ ಕೋಟೆಗೆ ತಿರುವು ಬರುತ್ತದೆ. ಅದು ತಪ್ಪಿದರೆ ಸುರಂಗ ದಾಟಿ ನಾರ್ಫೋಕ್ ಸೇರಿಯೇ ತಿರುಗಿ ಬರಬೇಕು. ರಜೆಯ ಶುಕ್ರವಾರ ಸಂಜೆ ಸುರಂಗದ ಮುಂದಿನ ಕ್ಯೂ ಕಿಲೋಮೀಟರುಗಟ್ಟಲೆ ಬೆಳೆಯುತ್ತದೆ. ವಾರದ ಮಧ್ಯೆ, ಬೆಳಿಗ್ಗೆ ಒಂಬತ್ತೂವರೆ ಮೇಲೆ ಹೊರಡಿ.